ಪೆಟ್ರೋಲ್ ಟ್ಯಾಂಕಿಗೆ ಹುಣಸೆ ನೀರು

ನಮ್ಮ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಮೂರು ಬಾಯಿ. ಮೇಲೆ ಪೆಟ್ರೋಲ್ ಹಾಕುವ ದೊಡ್ಡ ಬಾಯಿ, ಅಡಿಯಲ್ಲಿ ಎಂಜಿನ್ನಿಗೆ ಪೆಟ್ರೋಲ್ ಬಿಡುವ ಕಾಕ್ ಕೂರುವ ಸಣ್ಣ ತೂತು, ಅದರ ಪಕ್ಕದಲ್ಲಿ ಎಷ್ಟು ಪೆಟ್ರೋಲ್ ಉಳಿದಿದೆ ಎಂದು ಮೀಟರಿನ ಮುಳ್ಳಿಗೆ ತಿಳಿಸುವ ತೇಲುಬುರುಡೆಯ ದುಂಡನೆಯ ತೂತು. ಒಳಗೆ ತುಕ್ಕು ಹಿಡಿದಿದ್ದರೆ ಈ ಮೂರನ್ನೂ ಭದ್ರವಾಗಿ ಮುಚ್ಚಿ, ಒಳಗೆ ಹುಳಿ ನೀರು ತುಂಬಿಸಿ, ಕೆಲವು ದಿನ ಸುಮ್ಮನೆ ಇಡಬೇಕು. ಹೆಂಡತಿ ತೀರಿಕೊಂಡ ಮೇಲೆ ನಾನು ಮನಸ್ಸಿಟ್ಟು ಮಾಡಿದ ಮೊದಲ ಕೆಲಸ ಇದೇ.

ಬೈಕು ನನ್ನದಲ್ಲ, ಅವಳದು. ಪೀಣ್ಯದಲ್ಲಿ ಲೇತ್ ಅಂಗಡಿಗಳಿಂದ ಸಣ್ಣ ಸಣ್ಣ ಬಿಡಿಭಾಗಗಳನ್ನು ತುಂಬಿಕೊಂಡು ಹೋಗಿ, ಬಣ್ಣ ಹಾಕುವ, ನಿಕ್ಕಲ್ ಲೇಪ ಕೊಡುವ ಶೆಡ್ಡುಗಳಿಗೆ ತಲುಪಿಸಿ, ಕೆಲಸ ಮುಗಿದ ಮೇಲೆ ವಾಪಸ್ ತಂದುಕೊಡುವುದು ಅವಳ ಕೆಲಸವಾಗಿತ್ತು. ಎರಡೂ ಕಡೆ ಪ್ಲಾಸ್ಟಿಕ್ ಕ್ರೇಟು ಕಟ್ಟಿಕೊಂಡು, ತಲೆಗೆ ದುಪಟ್ಟಾ ಸುತ್ತಿ ಅದರ ಮೇಲೆ ಹೆಲ್ಮೆಟ್ ಹಾಕಿ, ಲಾರಿಗಳ ಮಧ್ಯೆ ಹೋಗುತ್ತಿದ್ದಳು. ನನ್ನನ್ನು ಕೆಲಸಕ್ಕೆ ಬಿಡುವುದೂ ಅವಳೇ. ಗಂಡ ಹಿಂದೆ, ಹೆಂಡತಿ ಮುಂದೆ. ನಮ್ಮ ಕಾರ್ಖಾನೆಯ ಗೇಟಿನಲ್ಲಿ ಜೊತೆಯವರು ಕಾಯ್ದುಕೊಂಡೇ ನಿಂತಿರುತ್ತಿದ್ದರು.

"ಏನ್ ಗುರು, ಇವತ್ತೂ ಲಗೇಜ್ ಥರಾನೇ ಬಂದ್ಯಾ?"

"ಅಣ್ಣ, ಅವ್ರನ್ನ ಹುಷಾರಾಗಿ ಇಳಿಸ್ಕೊಳ್ಳಿ, ಸಂಜೆ ವಾಪಸ್ ಕೊಡ್ಬೇಕು" ಎಂದು ಅವಳೇ ಹೇಳಿ ಹೊರಟುಬಿಡುತ್ತಿದ್ದಳು. ನನಗೆ ಬೇಸರವಿರಲಿಲ್ಲ. ಲೈಸೆನ್ಸ್ ನನಗೂ ಇತ್ತು. ಆದರೆ ರಾತ್ರಿ ಪಾಳಿ ಮುಗಿಸಿದ ಬೆಳಿಗ್ಗೆ ಅವಳ ಬೆನ್ನಿಗೆ ತಲೆ ಒರಗಿಸಿ ತೂಕಡಿಸುವ ಸುಖ ಮುಂದೆ ಕೂತವರಿಗೆ ಎಲ್ಲಿ ಸಿಗಬೇಕು?

ಟ್ಯಾಂಕಿಗೆ ಗಿಳಿಹಸಿರು ಬಣ್ಣ ಹಾಕಿದವಳು ಅವಳೇ. ಬಣ್ಣದ ಶೆಡ್ಡಿನವರು ಯಾವುದೋ ಯಂತ್ರಕ್ಕೆ ಕಲಸಿ ಮಿಕ್ಕಿದ ಬಣ್ಣ ಕೊಟ್ಟಿದ್ದರು. ಅಂಥ ಬಣ್ಣದ ಬೈಕು ಇಡೀ ಪೀಣ್ಯದಲ್ಲಿ ಇನ್ನೊಂದಿರಲಿಲ್ಲ, ಇನ್ನೊಬ್ಬರು ಹಾಕಿಸಿಕೊಳ್ಳುವಂತೆಯೂ ಇರಲಿಲ್ಲ.

ಹೊಟ್ಟೆಯ ಕಾಯಿಲೆ ಬಂದು ಅವಳು ಹೋದಳು. ಅದನ್ನು ಇಲ್ಲಿ ಹೆಚ್ಚು ಬರೆಯಲಾರೆ. ಬೈಕು ಮೆಟ್ಟಿಲ ಕೆಳಗೆ ನಿಂತಿತು. ಒಂದು ಮಳೆಗಾಲ ಕಳೆಯಿತು, ಬೇಸಿಗೆ ಕಳೆಯಿತು, ಮತ್ತೊಂದು ಮಳೆಗಾಲವೂ ಬಂತು. ಅತ್ತಿಬೆಲೆಯಲ್ಲಿರುವ ಅವಳ ತಮ್ಮ ಫೋನು ಮಾಡಿದ.

"ಭಾವ, ಬೇಜಾರ್ ಮಾಡ್ಕೋಬೇಡಿ. ಅದನ್ನ ದಿನಾ ನೋಡ್ಕೊಂಡು ಎಷ್ಟು ದಿನ ಕೂತ್ಕೋತೀರಾ? ಭಾನುವಾರ ಗೂಡ್ಸ್ ಆಟೋ ತಗೊಂಡ್ ಬರ್ತೀನಿ. ಇಲ್ಲೊಬ್ರು ಹಳೇ ಬೈಕ್ ಬಿಚ್ಚಿ ಪಾರ್ಟ್ಸ್ ಮಾಡ್ತಾರೆ."

"ಓಡೋ ಹಾಗಾದ್ರೆ?"

"ಓಡೋ ಹಾಗಾದ್ರೆ ಯಾಕೆ ಮುಟ್ಲಿ ಭಾವ? ನಿಂತಿರೋದಕ್ಕೇ ಹೇಳ್ತಿರೋದು."

ಅವನಲ್ಲಿ ಕೆಟ್ಟ ಮನಸ್ಸಿಲ್ಲ. ನಾನು ಮೆಕ್ಯಾನಿಕನನ್ನು ಕರೆದು ತೋರಿಸಿದೆ. ಎಂಜಿನ್ ಪರವಾಗಿಲ್ಲ ಎಂದ. ಟ್ಯಾಂಕಿನ ಮುಚ್ಚಳ ತೆಗೆದು ಮೊಬೈಲಿನ ಬೆಳಕು ಬಿಟ್ಟು ನೋಡಿ, "ಸಾರ್, ಇದು ಹೋಯ್ತು. ಒಳಗೆಲ್ಲ ತುಕ್ಕು. ಈ ಮಾಡಲ್‌ದು ಬೇರೆ ಟ್ಯಾಂಕ್ ಸಿಗಲ್ಲ" ಎಂದ. ಅಂದರೆ ಆ ಹಸಿರು ಟ್ಯಾಂಕು ಮತ್ತೆ ಪೆಟ್ರೋಲ್ ಹಿಡಿದರೆ ಬೈಕು ಮನೆಯಲ್ಲಿ, ಹಿಡಿಯದಿದ್ದರೆ ಅತ್ತಿಬೆಲೆಯಲ್ಲಿ. ನಾನು ಸ್ಪ್ಯಾನರ್ ತೆಗೆದುಕೊಂಡು ಟ್ಯಾಂಕು ಬಿಚ್ಚಿದೆ.

ಇಲ್ಲಿ ನಮ್ಮ ಅತ್ತೆಯ ವಿಷಯ ಹೇಳಬೇಕು. ಅವಳ ತಾಯಿ. ಮಾವ ತೀರಿಕೊಂಡ ಮೇಲೆ ಮಾಗಡಿ ಕಡೆಯ ಊರು ಬಿಟ್ಟು ನಮ್ಮ ಜೊತೆಗೇ ಬಂದಿದ್ದರು. ಮಗಳು ಹೋದ ಮೇಲೆ ಮಗ ಎಷ್ಟು ಕರೆದರೂ ಹೋಗಲಿಲ್ಲ. ಅವರ ಕಡೆ ಹಳೆಯ ಕಾಲದವರಲ್ಲಿ ಅತ್ತೆಯಾದವಳು ಅಳಿಯನ ಮುಖ ನೋಡಿ ಮಾತಾಡುವುದಿಲ್ಲ. ತಲೆಯ ಮೇಲೆ ಸೆರಗು, ಮಾತೆಲ್ಲ ಮಗಳ ಮೂಲಕ. ನಾನು ಎರಡು ಮಾರು ದೂರದಲ್ಲೇ ಕೂತಿದ್ದರೂ "ಅವ್ರಿಗೆ ಏಳವ್ವ, ಅನ್ನ ಆಗೈತೆ ಅಂತ" ಎನ್ನುತ್ತಿದ್ದರು. ಮಗಳು ನನ್ನ ಕಡೆ ತಿರುಗಿ, "ಅನ್ನ ಆಗಿದೆಯಂತೆ, ನಿಮಗೆ ಕೇಳಿಸಿಲ್ಲ ಅನ್ಕೊಂಡಿದ್ದಾರೆ" ಎನ್ನುತ್ತಿದ್ದಳು.

ಮಧ್ಯದವಳು ಹೋದ ಮೇಲೆ ಅತ್ತೆಗೆ ನನ್ನೊಡನೆ ಮಾತಾಡಲು ದಾರಿಯೇ ಇಲ್ಲದಂತಾಯಿತು. ಕೆಲವು ದಿನ ಮಾತೇ ಇರಲಿಲ್ಲ. ಆಮೇಲೆ ಅವರೇ ಒಂದು ದಾರಿ ಕಂಡುಕೊಂಡರು. ಬಾಗಿಲಿಗೆ, ಗೋಡೆಗೆ, ಬಿಂದಿಗೆಗೆ, ಫ್ಯಾನಿಗೆ ಹೇಳತೊಡಗಿದರು. "ಗ್ಯಾಸು ಮುಗೀತಾ ಬಂತು" ಎಂದು ಬಿಂದಿಗೆಗೆ ಹೇಳಿದರೆ ನಾನು ಸಿಲಿಂಡರ್ ಬುಕ್ ಮಾಡುತ್ತಿದ್ದೆ. ಪಕ್ಕದ ಮನೆಯ ಯಾದಗಿರಿ ಕಡೆಯ ಹೆಂಗಸು ಇದನ್ನು ನೋಡಿ ನೋಡಿ ಒಂದು ದಿನ ತಡೆಯಲಾರದೆ ಕೇಳಿದರು: "ಅಣ್ಣಾರ, ಅಮ್ಮಾರು ದಿನಾ ಗ್ವಾಡಿ ಕೂಡ ಮಾತಾಡ್ತಾರಲ್ರೀ. ಗ್ವಾಡಿ ಏನರ ತಿರುಗಿ ಅಂತದೇನು?"

ಟ್ಯಾಂಕು ಅಂಗಳಕ್ಕೆ ಬಂದ ದಿನದಿಂದ ಅತ್ತೆ ಅದಕ್ಕೇ ಹೇಳತೊಡಗಿದರು. ಫ್ಯಾನಿಗಿಂತ ಅದು ವಾಸಿ ಎನಿಸಿರಬೇಕು. ಮಗಳು ಮುಟ್ಟಿದ್ದಲ್ಲವೇ.

ಮೊದಲು ಹಳೆಯ ಪೆಟ್ರೋಲ್ ಚೆಲ್ಲಿ, ಸೋಪಿನ ಪುಡಿ ನೀರು ಹಾಕಿ ವಾಸನೆ ಹೋಗುವ ತನಕ ತೊಳೆದೆ. ಆಮೇಲೆ ಒಂದು ಹಿಡಿ ಸಣ್ಣ ಜಲ್ಲಿ ಹಾಕಿ ಕುಲುಕಬೇಕು, ಸಡಿಲವಾದ ತುಕ್ಕು ಉದುರಲಿ ಎಂದು. ಒಬ್ಬನಿಗೆ ಕಷ್ಟ. ನಾನು ಒದ್ದಾಡುವುದನ್ನು ನೋಡಿ ಅತ್ತೆ ಬಂದು ಇನ್ನೊಂದು ತುದಿ ಹಿಡಿದರು. ಸೆರಗು ಮುಖದ ತನಕ ಎಳೆದುಕೊಂಡು, ಮುಖ ಗೋಡೆಯ ಕಡೆ ತಿರುಗಿಸಿ, ಕೈ ಮಾತ್ರ ಈ ಕಡೆ. ಹಾಗೇ ಇಬ್ಬರೂ ಆ ಟ್ಯಾಂಕನ್ನು ತೊಟ್ಟಿಲಿನಂತೆ ತೂಗಿದೆವು. ಒಳಗಿನ ಜಲ್ಲಿಯ ಸದ್ದು ಬೀದಿಗೆಲ್ಲ ಕೇಳಿಸಿತು.

ನನ್ನ ಮನಸ್ಸಿನಲ್ಲಿದ್ದದ್ದು ಅಂಗಡಿಯ ಆಸಿಡ್. ಅತ್ತೆ ಟ್ಯಾಂಕಿಗೆ ಹೇಳಿದರು: "ಆಸಿಡ್ಡು ಬಣ್ಣಾನೂ ತಿಂತದೆ. ಉಣ್ಸೆಣ್ಣು ಐತಲ್ಲ, ಹಳೇದು, ಕಪ್ಪಗಾಗಿರೋದು. ಅದ್ರಲ್ಲಿ ಎಂಥ ತುಕ್ಕಾದ್ರೂ ಬುಡ್ತದೆ." ಬಣ್ಣದ ಮಾತು ಬಂದ ಕೂಡಲೇ ನಾನು ಒಪ್ಪಿಕೊಂಡೆ.

ಇನ್ನು ಬಾಯಿ ಮುಚ್ಚುವ ಕೆಲಸ. ಇದರಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ನಾನು ಸೋರಿಕೆ ನೋಡುವವನು. ಪಂಪಿನ ಕವಚದ ತೂತುಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ಬಿಟ್ಟು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೆಯೇ ಎಂದು ನೋಡುವುದು. ಗುಳ್ಳೆ ಎದ್ದ ಜಾಗಕ್ಕೆ ಕೆಂಪು ಸೀಮೆಸುಣ್ಣದ ಗುರುತು. ಇಷ್ಟು ವರ್ಷ ನಾನು ತಿಂದ ಅನ್ನವೆಲ್ಲ ಗುಳ್ಳೆ ನೋಡಿ ಸಂಪಾದಿಸಿದ್ದು.

ಅಡಿಯ ಎರಡು ತೂತುಗಳಿಗೆ ದಪ್ಪ ರಬ್ಬರ್ ಹಾಳೆ ತಂದೆ. ಹಾಳೆಯನ್ನು ತೂತಿನ ಮೇಲಿಟ್ಟು ಅಂಚಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ತೂತಿನ ಆಕಾರ ಅಚ್ಚು ಬೀಳುತ್ತದೆ, ಅಳತೆ ಬೇಕಾಗುವುದಿಲ್ಲ. ಹಾಗೆ ಕತ್ತರಿಸಿ, ಮೇಲೆ ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟ್ ಬಿಗಿದೆ. ಮೇಲಿನ ಬಾಯಿಗೆ ಬೈಕಿನ ಮುಚ್ಚಳ ಆಗದು. ಅದರಲ್ಲಿ ಗಾಳಿಯಾಡಲು ಸೂಜಿಮೊನೆಯಷ್ಟು ತೂತಿರುತ್ತದೆ. ಅದಕ್ಕೆ ನಮ್ಮ ಕಾರ್ಖಾನೆಯ ಬಗೆಯ ಬೂಚು ಮಾಡಿದೆ: ರಬ್ಬರಿನ ದಪ್ಪ ಬಿಲ್ಲೆ, ಮೇಲೆ ಕೆಳಗೆ ಕಬ್ಬಿಣದ ವಾಷರ್, ನಡುವೆ ಒಂದು ಬೋಲ್ಟ್, ಅದರ ಮೇಲ್ತುದಿಯಲ್ಲಿ ಕೈಯಿಂದಲೇ ತಿರುಗಿಸುವ ಎರಡು ಕಿವಿಯ ನಟ್. ನಟ್ ತಿರುಗಿಸಿದಷ್ಟೂ ರಬ್ಬರು ಉಬ್ಬಿ ಬಾಯಿಯನ್ನು ಕಚ್ಚಿಕೊಳ್ಳುತ್ತದೆ.

ಬೂಚಿಗೆ ಕೂರಿಸಿದ್ದ ಟ್ಯೂಬ್ ವಾಲ್ವಿಗೆ ಸೈಕಲ್ ಪಂಪು ಹಚ್ಚಿ ಸ್ವಲ್ಪವೇ ಗಾಳಿ ಬಿಟ್ಟು, ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದೆ. ಒಂದು ಗುಳ್ಳೆ ಇಲ್ಲ. ಬಹಳ ದಿನದ ಮೇಲೆ ನನಗೆ ನನ್ನ ಮೇಲೇ ಸ್ವಲ್ಪ ಅಭಿಮಾನ ಬಂತು. ಅತ್ತೆ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿಟ್ಟಿದ್ದ ಹುಣಸೆ ನೀರನ್ನು ಉಪ್ಪು ಬೆರೆಸಿ ಬಿಸಿಬಿಸಿಯಾಗಿ ಒಳಗೆ ಹೊಯ್ದು ಬೂಚು ಬಿಗಿದೆವು. ಬೆಳಿಗ್ಗೆ ಸಂಜೆ ಬೂಚು ಸಡಿಲಿಸಿ, ಗಾಳಿ ಹೋಗಲು ಬಿಟ್ಟು, ಇಣುಕಿ ನೋಡಿ ಮತ್ತೆ ಬಿಗಿಯುತ್ತಿದ್ದೆ. ನೀರು ಕರ್ರಗಾಗಿತ್ತು. ತುಕ್ಕು ಬಿಡುತ್ತಿದೆ ಎಂದರ್ಥ. ಅತ್ತೆ ದೂರದಿಂದ ನಟ್ ತಿರುಗಿಸುವ ಬಗೆಯನ್ನು ನೋಡಿಕೊಂಡಿದ್ದರು.

ಶುಕ್ರವಾರ ನನಗೆ ರಜೆ. ಮಧ್ಯಾಹ್ನ ಬೋಲ್ಟ್ ಅಂಗಡಿಗೆ ಹೋಗಿ ವಾಪಸ್ ಬಂದು ಗೇಟು ತೆಗೆಯುತ್ತಿದ್ದೆ. ಅಂಗಳದಲ್ಲಿ ದಡಾರ್ ಎಂದು ಸದ್ದಾಯಿತು. ಬೂಚು ಹಾರಿ ನೀರಿನ ಮೋಟಾರಿನ ಮೇಲಿನ ತಗಡಿಗೆ ಬಡಿದು, ನನ್ನ ತಲೆಯ ಪಕ್ಕದಿಂದ ಹಾದು ಬೀದಿಗೆ ಬಿತ್ತು. ಅದರ ಹಿಂದೆಯೇ ಟ್ಯಾಂಕಿನಿಂದ ಕರಿ ನೊರೆ ಕಾರಂಜಿಯಂತೆ ಎದ್ದು ಗೋಡೆ, ಮೆಟ್ಟಿಲು, ಪಕ್ಕದ ಮನೆಯ ಬಟ್ಟೆ ಹಗ್ಗ, ಎಲ್ಲದರ ಮೇಲೂ ಬಿತ್ತು.

ಅತ್ತೆ ಅಡುಗೆ ಮನೆಯಿಂದ ಓಡಿ ಬಂದರು. ಸೆರಗು ಜಾರಿ ಹೆಗಲಿಗೆ ಬಂದಿತ್ತು. ನೇರವಾಗಿ ನನ್ನ ಎದುರಿಗೆ ಬಂದು ನಿಂತು, ಮುಖ ನೋಡಿ ಕೇಳಿದರು: "ನಿಮ್ಗೇನೂ ತಗಲ್ಲಿಲ್ಲ ಅಲ್ವಾ?"

"ಇಲ್ಲ ಅತ್ತೆ."

"ತಲೆ ತೋರ್ಸಿ ಇಲ್ಲಿ."

ನಾನು ತಲೆ ಬಗ್ಗಿಸಿ ತೋರಿಸಿದೆ. ಏನೂ ಆಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಅವರಿಗೆ ತಾನು ಎಲ್ಲಿ ನಿಂತಿದ್ದೇನೆ ಎನ್ನುವುದು ಹೊಳೆದಿರಬೇಕು. ಕೈ ಸೆರಗಿಗೆ ಹೋಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

"ಏನ್ ಹಾಕಿದ್ರಿ ಅತ್ತೆ ಇದಕ್ಕೆ?" ಎಂದು ಕೇಳಿದೆ.

"ಅಡ್ಗೆ ಸೋಡ."

"ಸೋಡಾನಾ?"

"ಒಳ್ಗೆ ಪೆಟ್ರೋಲಿನ ಜಿಡ್ಡು ಇರ್ತದಲ್ಲ, ಉಣ್ಸೆಗೆ ಜಿಡ್ಡು ಓಗಲ್ಲ. ಅದಕ್ಕೇ ಬಟ್ಟೇಲಿ ಗಂಟು ಕಟ್ಟಿ ಬುಟ್ಟೆ. ನೀವು ಬಿಗಿಯೋ ಅಂಗೇ ಬಿಗಿದೆ."

ಹುಳಿಗೆ ಸೋಡ ಬಿದ್ದರೆ ಏನಾಗುತ್ತದೆ ಎಂದು ದೋಸೆ ಹಿಟ್ಟು ಕಲಸುವ ಅವರಿಗೆ ಗೊತ್ತಿಲ್ಲದ್ದಲ್ಲ. ಆದರೆ ದೋಸೆ ಹಿಟ್ಟಿಗೆ ಯಾರೂ ನನ್ನ ಬೂಚು ಹಾಕುವುದಿಲ್ಲ. ಬಟ್ಟೆಯ ಗಂಟು ನೆನೆದು ಸೋಡ ಕರಗುವ ತನಕ ಸುಮ್ಮನಿದ್ದು ಆಮೇಲೆ ಉಬ್ಬಿದೆ. ಎಲ್ಲಾದರೂ ಸ್ವಲ್ಪ ಸೋರಿದ್ದರೆ ಗಾಳಿ ಹೊರಟುಹೋಗುತ್ತಿತ್ತು. ನನ್ನ ಕೆಲಸದಲ್ಲಿ ಸೋರಿಕೆ ಇರಲಿಲ್ಲ.

"ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ ಅತ್ತೆ?"

"ಕೇಳ್ದೆ. ಬೆಳಿಗ್ಗೆ ನೀವು ಮುಖ ತೊಳೀತಿದ್ರಿ, ಆಗ್ಲೇ ಕೇಳ್ದೆ. ಬ್ಯಾಡ ಅನ್ನಲಿಲ್ಲ."

"ಯಾರು ಬೇಡ ಅನ್ನಲಿಲ್ಲ?"

ಅತ್ತೆ ಟ್ಯಾಂಕಿನ ಕಡೆ ಕೈ ತೋರಿಸಿದರು.

ನನಗೆ ನಗು ತಡೆಯಲಾಗಲಿಲ್ಲ. ಅವರೂ ಸೆರಗನ್ನು ಬಾಯಿಗೆ ಒತ್ತಿಕೊಂಡರು, ಭುಜ ಕುಲುಕುವುದು ಕಾಣುತ್ತಿತ್ತು. ಆ ಹೊತ್ತಿಗೆ ಪಕ್ಕದ ಮನೆಯವರು ಗಂಡನ ಬಿಳಿ ಅಂಗಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಬಂದರು. "ಅಮ್ಮಾರ, ನೋಡ್ರಿ ಇಲ್ಲಿ. ನಾಳೆ ಇದನ್ನ ಹಾಕ್ಕೊಂಡು ಹೋದ್ರ, ಕೆಲಸದಾಗ ಎಲ್ಲರೂ 'ಎಲ್ಲಿ ಸಾರು ಚೆಲ್ಲಿಕೊಂಡು ಬಂದಿ' ಅಂತಾರ." ಅತ್ತೆ ಆ ಅಂಗಿಯನ್ನು ಕಸಿದುಕೊಂಡು ತಾವೇ ನೀರಿಗೆ ಹಾಕಿದರು. ನಮ್ಮ ಮನೆಯಲ್ಲಿ ಅವಳು ಹೋದ ಮೇಲೆ ನಾವು ನಕ್ಕದ್ದು ಅದೇ ಮೊದಲು. ನಕ್ಕ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಬೇರೆ ಬೇರೆ ಕಡೆ ಹೋಗಿ ನಿಂತೆವು. ಅವಳಿಗೆ ಹೇಳಬೇಕಾದ ಸಂಗತಿಯಾಗಿತ್ತು ಅದು.

ಟ್ಯಾಂಕನ್ನು ಬಗ್ಗಿಸಿ ತೊಳೆದು ಬೆಳಕು ಬಿಟ್ಟು ನೋಡಿದೆ. ಒಳಗೆ ತುಕ್ಕು ಹೋಗಿ ಬೂದುಬಣ್ಣದ ತಗಡು ಕಾಣುತ್ತಿತ್ತು. ಎಲ್ಲೂ ಉಬ್ಬಿರಲಿಲ್ಲ. ಖುಷಿಯಾಗಿ ಮೇಲೆತ್ತಿದೆ. ಅಡಿಯ ಅಂಚಿನಿಂದ ಒಂದು ಹನಿ ನನ್ನ ಕಾಲ ಮೇಲೆ ಬಿತ್ತು. ಆಮೇಲೆ ಇನ್ನೊಂದು.

ಬೀದಿಯಿಂದ ಬೂಚು ತಂದು ಬಿಗಿದು, ಗಾಳಿ ಬಿಟ್ಟು, ಡ್ರಮ್ಮಿನಲ್ಲಿ ಮುಳುಗಿಸಿದೆ. ಅಂಚಿನ ಜೋಡಣೆಯಿಂದ ದಾರದಂತೆ ಗುಳ್ಳೆಗಳು ಎದ್ದವು. ಅಷ್ಟು ದಿನ ಆ ತೂತನ್ನು ಮುಚ್ಚಿಕೊಂಡಿದ್ದದ್ದೇ ತುಕ್ಕು. ಅದನ್ನು ನಾವು ತೆಗೆದುಬಿಟ್ಟಿದ್ದೆವು. ಗುಳ್ಳೆ ಕಂಡರೆ ಏನು ಮಾಡಬೇಕೆಂದು ನನ್ನ ಕೈಗೆ ರೂಢಿಯಾಗಿದೆ. ಆದರೆ ಆ ಹಸಿರಿನ ಮೇಲೆ ಕೆಂಪು ಗುರುತು ಹಾಕುವುದು ನನ್ನಿಂದಾಗಲಿಲ್ಲ. ಭಾನುವಾರಕ್ಕೆ ನಡುವೆ ಶನಿವಾರ ಒಂದೇ ಇತ್ತು.

ಅತ್ತೆ ಪಕ್ಕದಲ್ಲೇ ನಿಂತು ಡ್ರಮ್ಮಿನೊಳಗೆ ನೋಡುತ್ತಿದ್ದರು. "ಕಾರ್ಖಾನೇಲಿ ಇಂಗಾದ್ರೆ ಏನ್ ಮಾಡ್ತೀರ?" ಎಂದು ನನ್ನನ್ನೇ ಕೇಳಿದರು.

"ರಿಜೆಕ್ಟ್ ಮಾಡ್ತೀವಿ."

"ಅಂದ್ರೆ ಬಿಸಾಕ್ತೀರ?"

"ಎಲ್ಲಾನೂ ಬಿಸಾಕಲ್ಲ. ಕೆಲವಕ್ಕೆ ಬೆಸುಗೆ ಹಾಕಿ ಮತ್ತೆ ನಮ್ಮ ಹತ್ರ ಕಳಿಸ್ತಾರೆ."

"ಮತ್ತೆ ಅಂಗೇ ಮಾಡಿ. ಅದಕ್ಯಾಕೆ ಇಂಗೆ ನಿಂತಿದ್ದೀರ."

ಶನಿವಾರ ಬೆಳಿಗ್ಗೆ ಟ್ಯಾಂಕನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೊರಟೆ. ಕಂಡಕ್ಟರ್ ಬಂದು ಹೊದಿಕೆಯನ್ನು ನೋಡಿದರು.

"ಮಗೂನಾ ಅಣ್ಣ?"

"ಅಲ್ಲ ಸಾರ್, ಬೈಕ್ ಟ್ಯಾಂಕು."

"ಬೈಕೆಲ್ಲಿ?"

"ಮನೇಲಿ."

"ಒಂದೊಂದೇ ಪಾರ್ಟು ಕರ್ಕೊಂಡ್ ಹೋಗ್ತಿದ್ದೀರಾ? ಒಳ್ಳೇದು. ಎಂಜಿನ್ ತಂದಾಗ ಹಿಂದ್ಗಡೆ ಬಾಗ್ಲಲ್ಲಿ ಹತ್ತಿ."

ಕಾರ್ಖಾನೆಯಲ್ಲಿ ಬೆಸುಗೆ ಹಾಕುವವನು ನನ್ನ ಜೊತೆಗಾರ. ಗೇಟಿನಲ್ಲಿ ನನ್ನನ್ನು ಲಗೇಜ್ ಎಂದು ಕರೆಯುತ್ತಿದ್ದವರಲ್ಲಿ ಮುಖ್ಯನಾದವನು. ಹೊದಿಕೆ ಬಿಚ್ಚಿದಾಗ ಬಣ್ಣ ಕಂಡು ಕೈಗವಸು ತೆಗೆದಿಟ್ಟ. "ಅತ್ತಿಗೆದಾ?" ಎಂದಷ್ಟೇ ಕೇಳಿದ. ಪೆಟ್ರೋಲಿನ ವಾಸನೆ ಉಳಿದಿಲ್ಲವೆಂದು ಮೂಸಿ ನೋಡಿ, ಮತ್ತೊಮ್ಮೆ ಸೋಪು ನೀರಿನಲ್ಲಿ ತೊಳೆಸಿ, ಒಳಗೆಲ್ಲ ನೀರು ತುಂಬಿಸಿ, ಬೆಸುಗೆಯ ಜಾಗ ಮಾತ್ರ ಬರಿದಾಗಿ ಮೇಲಕ್ಕೆ ಬರುವಂತೆ ಒರಗಿಸಿಟ್ಟು ಕೆಲಸ ಮಾಡಿದ. ಅಡಿಯಲ್ಲಿ ಬೆರಳಗಲದಷ್ಟು ಬಣ್ಣ ಸುಟ್ಟಿತು. ಕೂತವರಿಗೆ ಕಾಣುವ ಜಾಗವಲ್ಲ. ನಮ್ಮ ತೊಟ್ಟಿಯಲ್ಲೇ ಮುಳುಗಿಸಿ ನೋಡಿದೆವು. ಗುಳ್ಳೆ ಇರಲಿಲ್ಲ. "ಪಾಸು ಕಣೋ" ಎಂದ ಅವನು. ನಾನು ಎರಡನೆಯ ಸಲ ಮುಳುಗಿಸಿದೆ.

ತುಕ್ಕು ತೆಗೆದ ತಗಡು ಹಸಿಯಾಗಿದ್ದರೆ ಕೂಡಲೇ ಮತ್ತೆ ತುಕ್ಕು ಹಿಡಿಯುತ್ತದೆ. ಮನೆಗೆ ತಂದು ಬಿಸಿಲಿನಲ್ಲಿ ಒಣಗಿಸಿ, ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಎಲ್ಲ ಕಡೆ ಹರಡುವಂತೆ ಅತ್ತೆಯೂ ನಾನೂ ಮತ್ತೆ ತೂಗಿದೆವು. ಈ ಸಲ ಅವರು ಗೋಡೆಯ ಕಡೆ ನೋಡಲಿಲ್ಲ. "ಆ ಮೂಲೆಗೆ ಓಗಿಲ್ಲ, ಇತ್ಲಾಗೆ ಬಗ್ಸಿ" ಎಂದು ಹೇಳುತ್ತಲೇ ಇದ್ದರು.

ಭಾನುವಾರ ಭಾಮೈದ ಗೂಡ್ಸ್ ಆಟೋದೊಂದಿಗೆ ಬಂದ. ಅಷ್ಟರಲ್ಲಿ ಮೆಕ್ಯಾನಿಕ್ ಬಂದು ಕಾರ್ಬ್ಯುರೇಟರ್ ತೊಳೆದು, ಹೊಸ ಬ್ಯಾಟರಿ ಹಾಕಿ, ಟ್ಯಾಂಕು ಕೂರಿಸಿ ಹೋಗಿದ್ದ. ಬಾಟಲಿಯಲ್ಲಿ ತಂದಿದ್ದ ಪೆಟ್ರೋಲ್ ಹಾಕಿ, ಕೆಳಗೆ ನೆಲದ ಮೇಲೆ ಪೇಪರ್ ಹಾಸಿದೆ. ಒಂದು ಹನಿ ಬಿದ್ದರೂ ಕಾಣಬೇಕು.

"ಊಟ ಮಾಡಿ ಬಂದು ನೋಡಾಣ, ಅಷ್ಟೊತ್ತಿಗೆ ಸೋರೋದಾದ್ರೆ ಸೋರ್ತದೆ" ಎಂದರು ಅತ್ತೆ. ಆಟೋದವನನ್ನೂ ಕೂರಿಸಿ ಮುದ್ದೆ, ಬಸ್ಸಾರು ಬಡಿಸಿದರು. "ಅಳಿಯಂದ್ರೆ, ಇನ್ನೊಂದರ್ಧ ಹಾಕ್ಲಾ?" ಎಂದು ನನ್ನನ್ನು ಕೇಳಿದಾಗ ಭಾಮೈದ ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಒಮ್ಮೆ ತಾಯಿಯನ್ನೂ ಒಮ್ಮೆ ನನ್ನನ್ನೂ ನೋಡಿದ. ಅತ್ತೆ ಏನೂ ಆಗದವರಂತೆ ಸಾರು ತರಲು ಒಳಗೆ ಹೋದರು.

ಕೈ ತೊಳೆದು ನಾಲ್ವರೂ ಮೆಟ್ಟಿಲ ಕೆಳಗೆ ಬಗ್ಗಿದೆವು. ಪೇಪರ್ ಒಣಗಿತ್ತು. ಆಟೋದವನು ಅದನ್ನು ಎತ್ತಿ ಹಿಂದೆ ಮುಂದೆ ನೋಡಿ ಮೂಸಿಯೂ ನೋಡಿದ. "ಏನಿಲ್ಲ ಸಾರ್" ಎಂದ. ಭಾಮೈದ ಕಿಕ್ ಹೊಡೆದ. ಮೊದಲು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಆಮೇಲೆ ಹೊಗೆ ಉಗುಳುತ್ತಾ ಹಿಡಿದುಕೊಂಡಿತು. ಪಕ್ಕದ ಮನೆಯವರು ಕೂಡಲೇ ಹಗ್ಗದ ಮೇಲಿನ ಬಟ್ಟೆಯನ್ನೆಲ್ಲ ಎಳೆದುಕೊಂಡು ಒಳಗೆ ಓಡಿದರು.

"ಸರಿ ಭಾವ, ಸೋತೆ. ಆದ್ರೆ ಓಡ್ಸೋದ್ಯಾರು?" ಎಂದ ಭಾಮೈದ.

ಅದನ್ನು ನಾವು ಯಾರೂ ಯೋಚಿಸಿರಲಿಲ್ಲ. ತೂತು ಮುಚ್ಚುವುದರಲ್ಲೇ ವಾರ ಹೋಗಿತ್ತು.

"ನಾನೇ" ಎಂದೆ.

"ನೀವಾ? ಹಿಂದೆ ಯಾರಾದ್ರೂ ಹಿಡ್ಕೊಳ್ಳೋರು ಬೇಕಾ?"

"ಬಂಕ್ ತನಕ ಹೋಗಿ ಬರ್ತೀನಿ ಸುಮ್ನಿರೋ" ಎಂದು ಕೂತೆ. ಮೊದಲ ಗೇರಿನಲ್ಲೇ ಬೀದಿ ಮುಗಿಯಿತು. ಆ ದಾರಿಯಲ್ಲಿ ನಾನು ಎಷ್ಟು ವರ್ಷ ಓಡಾಡಿದ್ದೇನೆ. ಆದರೆ ಕಂಡದ್ದು ಅವಳ ಬೆನ್ನು, ಅವಳ ಹೆಲ್ಮೆಟ್ಟಿನ ಹಿಂಭಾಗ ಮಾತ್ರ. ಗುಂಡಿಗಳು ಅಷ್ಟೊಂದಿವೆ ಎಂದು ಗೊತ್ತಿರಲಿಲ್ಲ. ನಾನು ನಿದ್ದೆ ಮಾಡುತ್ತಿದ್ದಾಗ ಅವನ್ನೆಲ್ಲ ಅವಳು ಹೇಗೆ ತಪ್ಪಿಸುತ್ತಿದ್ದಳೋ. ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಹ್ಯಾಂಡಲ್ ಬಿಡುವ ಧೈರ್ಯವಿರಲಿಲ್ಲ. ಹಾಗೇ ಹೋದೆ.

ಬಂಕಿನಲ್ಲಿ ಹುಡುಗಿ ಪೈಪು ಹಿಡಿದು, "ಎಷ್ಟಕ್ಕೆ ಸಾರ್?" ಎಂದಳು.

"ಫುಲ್ ಮಾಡಮ್ಮ" ಎಂದೆ.

ಪೆಟ್ರೋಲ್ ಕತ್ತಿನ ತನಕ ಏರಿ ಬಂತು. ಮುಚ್ಚಳ ಹಾಕಿ, ಇಳಿದು, ಬಗ್ಗಿ ಬೆಸುಗೆಯ ಅಂಚಿಗೆ ಬೆರಳು ಸವರಿ ನೋಡಿದೆ. ಒಣಗಿತ್ತು. ಹಿಂದೆ ನಿಂತಿದ್ದ ಗಾಡಿಯವರು ಹಾರ್ನ್ ಹೊಡೆದರು. ಕೈ ಎತ್ತಿ, ಒಂದು ನಿಮಿಷ ಎಂದು ತೋರಿಸಿ, ಇನ್ನೊಂದು ಸಲ ಸವರಿದೆ.